ಆಗಾಖಾನ್ ಅರಮನೆಯ ಸೆರೆಯಾಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಂದ ಪುಣೆಗೆ ಪ್ರವಾಸ ಹೊರಡುವ ಮಕ್ಕಳು ಮೊದಲು ನೋಡುವುದು ಶನಿವಾರವಾಡೆಯನ್ನು, ಅನಂತರ ಸಿಂಹಗಡವನ್ನು. ಸಮಯ ಉಳಿದರೆ ಮಾತ್ರ ನಗರ ರಸ್ತೆಯ ಕಡೆಗೆ ಬಸ್ಸು ತಿರುಗುತ್ತದೆ. ಪುಣೆ ರೈಲು ನಿಲ್ದಾಣದಿಂದ ಐದಾರು ಕಿಲೋಮೀಟರು ದೂರದಲ್ಲಿ, ಯೆರವಡಾದ ಗದ್ದಲದ ನಡುವೆ, ಹಸಿರು ಹುಲ್ಲುಹಾಸು ಮತ್ತು ಹಳೆಯ ಮರಗಳಿಂದ ಸುತ್ತುವರಿದ ಒಂದು ಭವ್ಯ ಕಟ್ಟಡವಿದೆ. ಸಾಲುಸಾಲಾದ ಕಮಾನುಗಳು, ಅಗಲವಾದ ಪಡಸಾಲೆಗಳು, ಇಟಲಿಯ ಮಾದರಿಯ ಅಲಂಕಾರ. ಅದನ್ನು ನೋಡಿದವರಿಗೆ ಯಾವನೋ ವಿಲಾಸಿ ಅರಸನ ಬೇಸಿಗೆಯ ಬೀಡಿರಬೇಕೆಂದು ತೋರುವುದು ಸಹಜ. ಒಳಗೆ ಕಾಲಿಟ್ಟ ಮೇಲೆ ತಿಳಿಯುವುದು ಬೇರೆ. ಇದು ಕ್ಷಾಮದ ಕಾಲದಲ್ಲಿ ಹಸಿದವರಿಗೆ ಕೂಲಿ ಒದಗಿಸಲೆಂದು 1892ರಲ್ಲಿ ಮೂರನೆಯ ಆಗಾಖಾನರು ಕಟ್ಟಿಸಿದ ಅರಮನೆ. ಐವತ್ತು ವರ್ಷಗಳ ಅನಂತರ ಅದೇ ಅರಮನೆ ಸೆರೆಮನೆಯಾಯಿತು. ಅದರ ಸುತ್ತ ಮುಳ್ಳುತಂತಿಯ ಬೇಲಿ ಬಂತು, ಪಹರೆ ಬಂತು. 1942ರ ಆಗಸ್ಟಿನಲ್ಲಿ ಅಲ್ಲಿಗೆ ಬಂದ ಸೆರೆಯಾಳುಗಳಲ್ಲಿ ಇಬ್ಬರು ಮತ್ತೆ ಹೊರಗೆ ಬರಲಿಲ್ಲ. ಒಬ್ಬರು ಗಾಂಧಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ, ಇನ್ನೊಬ್ಬರು ಗಾಂಧಿಯವರ ಪತ್ನಿ ಕಸ್ತೂರಬಾ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಷ್ಟ್ರನಾಯಕರ ಪತ್ನಿಯರು ಏನು ಮಾಡುತ್ತಿದ್ದರೆಂಬುದನ್ನು ಇತಿಹಾಸದ ಪುಸ್ತಕಗಳು ಸಾಕಷ್ಟು ಹೇಳುತ್ತವೆ. ಲಂಡನ್ನಿನಲ್ಲಿ ಕ್ಲೆಮೆಂಟೈನ್ ಚರ್ಚಿಲ್ ರಷ್ಯಾದ ನೆರವಿಗಾಗಿ ನಿಧಿ ಕೂಡಿಸುತ್ತಿದ್ದರು. ಎಲೀನರ್ ರೂಸ್‌ವೆಲ್ಟ್ 1943ರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹಾರಿ ಗಾಯಗೊಂಡ ಸೈನಿಕರ ಹಾಸಿಗೆಯ ಬಳಿ ನಿಂತು ಮಾತಾಡಿಸಿದರು. ಅವರಿಗೆ ಕಚೇರಿಯಿತ್ತು, ಸಹಾಯಕರಿದ್ದರು, ಪತ್ರಿಕೆಗಳ ಗಮನವಿತ್ತು. ಅದೇ ಯುದ್ಧದ ಅದೇ ವರ್ಷಗಳಲ್ಲಿ, ಅದೇ ಮಿತ್ರಪಕ್ಷದ ಆಳ್ವಿಕೆಗೆ ಸೇರಿದ ನೆಲದಲ್ಲಿ, ಎಪ್ಪತ್ತು ದಾಟಿದ ಕಸ್ತೂರಬಾ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಅವರ ಪತಿ ಯಾವ ಪದವಿಯಲ್ಲಿಯೂ ಇರಲಿಲ್ಲ. ಆದರೂ ಬ್ರಿಟಿಷ್ ಮಂತ್ರಿಮಂಡಲ ಚಿಂತಿಸಿ ವ್ಯವಹರಿಸಬೇಕಾದ ಮುತ್ಸದ್ದಿ ಅವರಾಗಿದ್ದರು. ಆ ಮುತ್ಸದ್ದಿಯ ಪತ್ನಿಗೆ ಸಂದ ಸಾರ್ವಜನಿಕ ಸ್ಥಾನ ಸೆರೆಮನೆಯೇ.

ಈ ಸ್ಥಾನ ಪತಿಯ ನೆರಳಿನಿಂದ ತಾನಾಗಿ ಬಂದದ್ದೆಂದು ತಿಳಿಯುವವರು ದಕ್ಷಿಣ ಆಫ್ರಿಕದ ಒಂದು ಮೊಕದ್ದಮೆಯನ್ನು ನೆನೆಯಬೇಕು. 1913ರ ಮಾರ್ಚ್ 14ರಂದು ಅಲ್ಲಿನ ಕೇಪ್ ಪ್ರಾಂತದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸರ್ಲ್ ಅವರು ಒಂದು ತೀರ್ಪು ಕೊಟ್ಟರು. ಕ್ರೈಸ್ತ ವಿಧಿಯಂತೆ ನಡೆಯದ, ಸರ್ಕಾರದಲ್ಲಿ ನೋಂದಣಿಯಾಗದ ವಿವಾಹಗಳಿಗೆ ಕಾನೂನಿನ ಮನ್ನಣೆಯಿಲ್ಲವೆಂಬುದು ಅದರ ಫಲ. ಹಿಂದೂ, ಮುಸಲ್ಮಾನ, ಪಾರಸಿ ಗೃಹಿಣಿಯರೆಲ್ಲ ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಪತ್ನಿಯರಲ್ಲದವರಾದರು. ಅವರ ಮಕ್ಕಳ ವಾರಸಿನ ಹಕ್ಕು ಅಲುಗಿತು. ಗಾಂಧಿ ಬೇರೆ ಹೆಂಗಸರನ್ನು ಸತ್ಯಾಗ್ರಹಕ್ಕೆ ಸಿದ್ಧಪಡಿಸುತ್ತಿದ್ದುದು ಕಸ್ತೂರಬಾರ ಕಿವಿಗೆ ಬಿತ್ತು. ತನ್ನನ್ನೇಕೆ ಕೇಳಲಿಲ್ಲ, ಜೈಲಿಗೆ ಹೋಗಲು ತನ್ನಲ್ಲೇನು ಕೊರತೆಯಿದೆ ಎಂದು ಅವರೇ ಮುಂದೆ ಬಂದು ಕೇಳಿದರೆಂಬುದನ್ನು ಗಾಂಧಿಯವರೇ ಬರೆದಿದ್ದಾರೆ. ಆ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟ ಹದಿನಾರು ಮಂದಿಯ ಮೊದಲ ತಂಡದಲ್ಲಿ ಅವರಿದ್ದರು. ಪರವಾನಿಗೆಯಿಲ್ಲದೆ ಟ್ರಾನ್ಸ್‌ವಾಲಿನ ಗಡಿ ದಾಟಿದ ಅಪರಾಧಕ್ಕೆ ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ಬಿಡುಗಡೆಯಾಗಿ ಬಂದಾಗ ಅವರ ದೇಹ ಎಲುಬಿನ ಹಂದರವಾಗಿತ್ತು. ಪತ್ನಿಯೆಂಬ ಹೆಸರನ್ನು ನ್ಯಾಯಾಲಯ ಕಿತ್ತುಕೊಂಡಾಗ ಅದನ್ನು ಮರಳಿ ಪಡೆಯಲು ಜೈಲಿಗೆ ಹೋದ ಹೆಣ್ಣುಮಗಳು ಅವರು. ಮುಂದೆ ಇನ್ನೆಷ್ಟೋ ಸಲ ಸೆರೆಯಾದರು. 1939ರಲ್ಲಿ, ತಮ್ಮ ಮಾವ ಒಮ್ಮೆ ದಿವಾನರಾಗಿದ್ದ ರಾಜಕೋಟೆಯಲ್ಲಿ ಪ್ರಜೆಗಳ ಚಳವಳಿ ನಡೆದಾಗ, ಆರೋಗ್ಯ ಸರಿಯಿಲ್ಲದಿದ್ದರೂ ಅಲ್ಲಿಗೆ ಹೋಗಿ ಬಂಧನಕ್ಕೊಳಗಾದರು.

1942ರ ಆಗಸ್ಟ್ 8ರ ರಾತ್ರಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ ಸಮಿತಿ 'ಭಾರತ ಬಿಟ್ಟು ತೊಲಗಿ' ಎಂಬ ಠರಾವನ್ನು ಅಂಗೀಕರಿಸಿತು. ಮರುದಿನ ಬೆಳಕು ಹರಿಯುವ ಮೊದಲೇ ಪೊಲೀಸರು ಬಿರ್ಲಾ ಭವನಕ್ಕೆ ಬಂದರು. ಗಾಂಧಿ, ಮಹಾದೇವ ದೇಸಾಯಿ, ಮೀರಾಬೆನ್ ಈ ಮೂವರ ಮೇಲೆ ವಾರಂಟು ಇತ್ತು. ಕಸ್ತೂರಬಾ ಇಚ್ಛಿಸಿದರೆ ಜೊತೆಗೆ ಬರಬಹುದೆಂದು ಅಧಿಕಾರಿಗಳು ಹೇಳಿದರು. ಸರ್ಕಾರದ ದೃಷ್ಟಿಯಲ್ಲಿ ಅದು ಸೌಜನ್ಯ. ಏನು ಮಾಡಲಿ ಎಂದು ಅವರು ಪತಿಯನ್ನು ಕೇಳಿದರು. ನನ್ನನ್ನು ಬಿಟ್ಟಿರಲಾರೆಯಾದರೆ ಬಾ, ಆದರೆ ಹೊರಗಿದ್ದು ನನ್ನ ಕೆಲಸ ಮಾಡುವುದನ್ನೇ ನಾನು ಇಷ್ಟಪಡುತ್ತೇನೆ ಎಂಬ ಅರ್ಥದ ಉತ್ತರ ಬಂತು. ಅವರು ಉಳಿದರು. ಅಂದು ಸಂಜೆ ಶಿವಾಜಿ ಪಾರ್ಕಿನಲ್ಲಿ ಗಾಂಧಿ ಮಾತಾಡಬೇಕಾಗಿದ್ದ ಸಭೆಯಲ್ಲಿ ತಾನು ಮಾತಾಡುವುದಾಗಿ ನಿಶ್ಚಯಿಸಿದರು. ಜನತೆಗೆ, ಅದರಲ್ಲಿಯೂ ಹೆಂಗಸರಿಗೆ, ಹೇಳಬೇಕಾದ ಮಾತನ್ನು ಡಾಕ್ಟರ್ ಸುಶೀಲಾ ನಯ್ಯರ್ ಅವರಿಂದ ಬರೆಸಿದರು. ಸಭೆಗೆ ಹೊರಡುವ ಹೊತ್ತಿಗೆ ಪೊಲೀಸರು ಎದುರಾದರು.

ಬೆಳಿಗ್ಗೆ ಅತಿಥಿಯಂತೆ ಹೋಗಬಹುದಾಗಿದ್ದವರು ಸಂಜೆ ತಮ್ಮದೇ ಕಾರ್ಯಕ್ಕಾಗಿ ಬಂಧಿತರಾದರು. ಇದು ಸಣ್ಣ ವ್ಯತ್ಯಾಸವಲ್ಲ. ಬೆಳಿಗ್ಗೆಯೇ ಹೋಗಿದ್ದರೆ ಅವರು ಪತಿಯ ಸಂಗಾತಿಯಾಗಿ ಅರಮನೆಗೆ ಸೇರುತ್ತಿದ್ದರು. ಸಂಜೆಯ ಬಂಧನ ಅವರನ್ನು ಮೊದಲು ಆರ್ಥರ್ ರಸ್ತೆಯ ಜೈಲಿಗೆ ಒಯ್ದಿತು. ಅಲ್ಲಿ ಅತಿಸಾರದಿಂದ ನಿತ್ರಾಣರಾದರು. ಎರಡು ದಿನಗಳ ಬಳಿಕ ಅವರನ್ನೂ ಸುಶೀಲಾರನ್ನೂ ಪುಣೆಗೆ ತಂದರು. ಅರಮನೆಯ ಪಡಸಾಲೆಯಲ್ಲಿ ಆಕೆಯನ್ನು ಕಂಡಾಗ ಗಾಂಧಿಯವರ ಹುಬ್ಬು ಗಂಟಿಕ್ಕಿತಂತೆ. ತನ್ನ ಬಳಿಗೆ ಕಳುಹಿಸಿರೆಂದು ಈಕೆ ತಾನಾಗಿ ಸರ್ಕಾರವನ್ನು ಬೇಡಿಕೊಂಡಳೋ ಎಂಬ ಸಂಶಯ. ಹಾಗಿಲ್ಲವೆಂದು, ಬಂಧಿಸಿ ತಂದದ್ದೆಂದು ತಿಳಿದ ಮೇಲೆ ಅವರಿಗೆ ಸಮಾಧಾನವಾಯಿತೆಂದು ಸುಶೀಲಾ ತಮ್ಮ ಸ್ಮರಣೆಯಲ್ಲಿ ಹೇಳುತ್ತಾರೆ. ಕಾಯಿಲೆಯಿಂದ ಬಂದ ಮುದುಕಿಗೆ ಇಂಥ ಸ್ವಾಗತವೇ ಎಂದು ಇಂದಿನ ಓದುಗರಿಗೆ ಅನಿಸಿದರೆ ಅದು ತಪ್ಪಲ್ಲ. ಆ ದಾಂಪತ್ಯ ಸುಲಭದ್ದಾಗಿರಲಿಲ್ಲ.

ಅರಮನೆಯಲ್ಲಿ ಒಂದು ವಾರ ತುಂಬುವುದರೊಳಗೆ, ಆಗಸ್ಟ್ 15ರ ಬೆಳಿಗ್ಗೆ, ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತು. ಮಗನಂತಿದ್ದವನು ಹೋಗಿ ತಾನು ಉಳಿದೆನಲ್ಲ ಎಂಬ ಕೊರಗು ಕಸ್ತೂರಬಾರನ್ನು ಕೊನೆಯವರೆಗೂ ಬಿಡಲಿಲ್ಲ. ಆವರಣದ ಮೂಲೆಯಲ್ಲಿ ಅವರನ್ನು ದಹನ ಮಾಡಿದ ಜಾಗಕ್ಕೆ ಗಾಂಧಿ ಪ್ರತಿದಿನ ಹೂವು ಒಯ್ದು ಇಡುತ್ತಿದ್ದರು. ಕಸ್ತೂರಬಾಗೆ ಅದು ಮಹಾದೇವನ ಗುಡಿಯೇ ಆಯಿತು. ಶಕ್ತಿಯಿದ್ದ ದಿನಗಳಲ್ಲಿ ನಡೆದು ಹೋಗಿ ನಮಸ್ಕರಿಸಿ ಬರುತ್ತಿದ್ದರು.

ಆ ಬಂಧನದ ದಿನಗಳಲ್ಲಿ ಪಾಠಶಾಲೆಯೂ ಒಂದಿತ್ತು. ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಯರು ಅರಮನೆಯ ಇತರ ವಿವರಗಳನ್ನು ಮರೆತರೂ ಇದನ್ನು ಮರೆಯಲಾರರು. ಬಾಲ್ಯದಲ್ಲಿ ಅಕ್ಷರ ಕಲಿಯದ ಕಸ್ತೂರಬಾ ಮದುವೆಯಾದ ಮೇಲೆ ಅಷ್ಟಿಷ್ಟು ಗುಜರಾತಿ ಓದು ಬರಹ ಕಲಿತಿದ್ದರು. ಸೆರೆಯಲ್ಲಿ ಗಾಂಧಿ ಅವರಿಗೆ ವ್ಯಾಕರಣ, ಭೂಗೋಳಗಳನ್ನು ಹೇಳಿಕೊಡಲು ತೊಡಗಿದರು. ಭೂಮಿಯ ಆಕಾರವನ್ನೂ ಚಲನೆಯನ್ನೂ ತಿಳಿಸಲು ಕಿತ್ತಳೆ ಹಣ್ಣು ಕೈಗೆ ಬಂತು. ಪ್ರಾಂತಗಳ ರಾಜಧಾನಿಗಳ ಹೆಸರುಗಳನ್ನು ಉರುಹೊಡೆಯಬೇಕಾಯಿತು. ಇಂದು ನೆನಪಿದ್ದದ್ದು ನಾಳೆ ಕಲಸಿಹೋಗುತ್ತಿತ್ತು. ಎಪ್ಪತ್ತಮೂರರ ವಿದ್ಯಾರ್ಥಿನಿ ಬೇಸರಿಸಲಿಲ್ಲ. ಒಂದು ದಿನ, ಬೇರೆಯವರ ಹಾಗೆ ತನಗೂ ಬರೆಯಲು ಒಂದು ನೋಟ್‌ಬುಕ್ಕು ಬೇಕೆಂದು ಕೇಳಿದರು. ಅಕ್ಷರ ಇನ್ನಷ್ಟು ದುಂಡಗಾಗಲಿ, ಅಲ್ಲಿಯವರೆಗೆ ಬಿಡಿ ಹಾಳೆಗಳ ಮೇಲೆ ಬರೆ ಎಂದು ಗಾಂಧಿ ಹೇಳಿದರು. ಕಾಗದವನ್ನೂ ದುಂದು ಮಾಡದ ಮನುಷ್ಯ, ತಮಾಷೆಗೆ ಹೇಳಿದರೋ ನಿಜವಾಗಿಯೇ ಹೇಳಿದರೋ, ಆಕೆಗೆ ನೋವಾಯಿತು. ಅನಂತರ ನೋಟ್‌ಬುಕ್ಕು ಕೊಡಲು ಮುಂದಾದಾಗ ಕಸ್ತೂರಬಾ ಒಪ್ಪಲಿಲ್ಲ. ಸರ್ಕಾರಗಳನ್ನು ಅಲುಗಿಸಿದ ಸತ್ಯಾಗ್ರಹ ತನ್ನ ಮನೆಯೊಳಗೇ ಹೀಗೆ ಸದ್ದಿಲ್ಲದೆ ನಡೆದದ್ದನ್ನು ಗಾಂಧಿ ತಡವಾಗಿ ಅರಿತರು. ಸತ್ಯಾಗ್ರಹದ ಪಾಠವನ್ನು ತಾನು ಪತ್ನಿಯಿಂದ ಕಲಿತೆನೆಂದು ಅವರು ಹೇಳಿಕೊಂಡದ್ದು ಬರಿಯ ಉಪಚಾರದ ಮಾತಲ್ಲವೆಂಬುದಕ್ಕೆ ಈ ನೋಟ್‌ಬುಕ್ಕೇ ಸಾಕ್ಷಿ.

ಸಂಜೆಯ ಹೊತ್ತು ಕೇರಂ ಆಟ ನಡೆಯುತ್ತಿತ್ತು. ಕಸ್ತೂರಬಾಗೆ ಅದರಲ್ಲಿ ಬಹಳ ಆಸಕ್ತಿ. ಗೆದ್ದರೆ ಹಿಗ್ಗು, ಸೋತರೆ ಮುನಿಸು. 1943ರ ಫೆಬ್ರವರಿ 10ರಿಂದ ಗಾಂಧಿ ಇಪ್ಪತ್ತೊಂದು ದಿನ ಉಪವಾಸ ಮಾಡಿದಾಗ ಮಾತ್ರ ಅರಮನೆಯಲ್ಲಿ ಆಟಪಾಠಗಳೆಲ್ಲ ನಿಂತವು. ಮುದುಕ ಬದುಕಲಾರನೆಂದೆಣಿಸಿ ಅಧಿಕಾರಿಗಳು ಚಿತೆಗೆ ಬೇಕಾದ ಗಂಧದ ಕೊರಡುಗಳನ್ನೂ ತರಿಸಿಟ್ಟಿದ್ದರು. ಅವರು ಬದುಕಿದರು.

ಅದೇ ವರ್ಷದ ಡಿಸೆಂಬರಿನ ಹೊತ್ತಿಗೆ ಕಸ್ತೂರಬಾರ ಹೃದಯ ಸೋಲತೊಡಗಿತು. ಉಸಿರಾಟ ಕಷ್ಟವಾಯಿತು. ಮಲಗಲಾಗದೆ ಕುಳಿತೇ ರಾತ್ರಿಗಳನ್ನು ಕಳೆಯುತ್ತಿದ್ದರು. ಸೆರೆಯಾಳುಗಳಾಗಿಯೇ ಜೊತೆಗಿದ್ದ ಡಾಕ್ಟರ್ ಗಿಲ್ಡರ್ ಮತ್ತು ಸುಶೀಲಾ ನಯ್ಯರ್ ಔಷಧ ಕೊಡುತ್ತಿದ್ದರು. ಶುಶ್ರೂಷೆಗಾಗಿ ಜಯಪ್ರಕಾಶ ನಾರಾಯಣರ ಪತ್ನಿ ಪ್ರಭಾವತಿಯವರನ್ನು ಬೇರೊಂದು ಜೈಲಿನಿಂದ ತಂದರು. ಇನ್ನು ಮುಂದಿನ ಕಥೆ ಬಹುಮಟ್ಟಿಗೆ ಕಾಗದಪತ್ರಗಳದು. ಪ್ರಕೃತಿ ಚಿಕಿತ್ಸಕ ದಿನ್ಷಾ ಮೆಹತಾ ಅವರನ್ನು ಕರೆಸಬೇಕೆಂದು ಅರ್ಜಿ. ಉತ್ತರವಿಲ್ಲ. ಜ್ಞಾಪನ. ಬಹಳ ದಿನಗಳ ಮೇಲೆ ಒಪ್ಪಿಗೆ. ಆಯುರ್ವೇದದ ಮೇಲೆ ರೋಗಿಗೆ ನಂಬಿಕೆಯಿದೆ, ಲಾಹೋರಿನ ವೈದ್ಯ ಶಿವಶರ್ಮರನ್ನು ಕರೆಸಬೇಕೆಂದು ಇನ್ನೊಂದು ಅರ್ಜಿ. ಅದಕ್ಕೂ ಅದೇ ಗತಿ. ಕೊನೆಗೆ ವೈದ್ಯರು ಬಂದರೆ, ಹಗಲು ಮಾತ್ರ ಒಳಗಿರಬಹುದು, ರಾತ್ರಿ ತಂಗುವಂತಿಲ್ಲವೆಂಬ ನಿಯಮ. ರೋಗಿಗೆ ಸಂಕಟ ಹೆಚ್ಚುತ್ತಿದ್ದುದು ರಾತ್ರಿಯಲ್ಲಿಯೇ. ಶಿವಶರ್ಮರು ಅರಮನೆಯ ಬಾಗಿಲ ಹೊರಗೆ ತಮ್ಮ ಮೋಟಾರು ಗಾಡಿಯಲ್ಲಿ ಮಲಗತೊಡಗಿದರು. ನಡುರಾತ್ರಿ ಕರೆ ಬಂದರೆ ಕಾವಲುಗಾರನಿಂದ ಮೇಲಧಿಕಾರಿಯವರೆಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಬಾಗಿಲು ತೆಗೆಸಬೇಕು. ಇದನ್ನು ಕಂಡು ಗಾಂಧಿ ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಸರ್ಕಾರಕ್ಕೆ ಪತ್ರ ಬರೆದರು. ಆ ಮೇಲೆ ವೈದ್ಯರಿಗೆ ಒಳಗೆ ತಂಗಲು ಅಪ್ಪಣೆ ಸಿಕ್ಕಿತು. ಅಷ್ಟರಲ್ಲಿ ಔಷಧದ ಕಾಲ ಮೀರುತ್ತ ಬಂದಿತ್ತು.

ಇಲ್ಲಿ ಕಾನೂನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಯುದ್ಧಕಾಲದಲ್ಲಿ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಒಳಗಿಡಲು ಬಳಕೆಯಾದದ್ದು ಭಾರತ ರಕ್ಷಣಾ ನಿಯಮಗಳಲ್ಲಿ 26ನೆಯ ನಿಯಮ. 1943ರ ಏಪ್ರಿಲ್ 22ರಂದು ಫೆಡರಲ್ ನ್ಯಾಯಾಲಯ, ಕೇಶವ ತಳಪದೆ ಅವರ ಮೊಕದ್ದಮೆಯಲ್ಲಿ, ಆ ನಿಯಮ ಮೂಲ ಕಾಯಿದೆ ಕೊಟ್ಟ ಅಧಿಕಾರವನ್ನು ಮೀರಿದ್ದು, ಆದ್ದರಿಂದ ಅಸಿಂಧು ಎಂದು ತೀರ್ಪಿತ್ತಿತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಾಯರ್, ಇಂಗ್ಲಿಷರೇ. ಸೆರೆಮನೆಗಳ ಬಾಗಿಲು ತೆರೆಯಬೇಕಾಗಿತ್ತು. ವಾರ ಕಳೆಯುವುದರೊಳಗೆ, ಏಪ್ರಿಲ್ 28ರಂದು, ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿ ಹಿಂದಿನ ಬಂಧನಗಳನ್ನೂ ಸಿಂಧುಗೊಳಿಸಿತು. ನ್ಯಾಯಾಲಯ ಗೆದ್ದಿತು, ಸೆರೆಯಾಳು ಒಳಗೇ ಉಳಿದ.

ಆದರೆ ಕಸ್ತೂರಬಾರ ಸಂಗತಿಯಲ್ಲಿ ಕಾನೂನಿನ ತೊಡಕೇನೂ ಅಡ್ಡಿಯಾಗಿರಲಿಲ್ಲ. ಅನಾರೋಗ್ಯದ ಕಾರಣದಿಂದ ಬಿಡುಗಡೆ ಮಾಡುವ ಅಧಿಕಾರ ಸರ್ಕಾರಕ್ಕಿತ್ತು, ಅದನ್ನು ಇದೇ ಅರಮನೆಯಲ್ಲಿ ಬಳಸಿಯೂ ಇತ್ತು. ಮಲೇರಿಯದಿಂದ ಬಳಲಿದ ಸರೋಜಿನಿ ನಾಯ್ಡು ಅವರನ್ನು 1943ರ ಮಾರ್ಚಿನಲ್ಲಿ ಇಲ್ಲಿಂದಲೇ ಬಿಟ್ಟಿದ್ದರು. ಕಸ್ತೂರಬಾ ತೀರಿಕೊಂಡ ಎರಡೂವರೆ ತಿಂಗಳೊಳಗೆ, 1944ರ ಮೇ 6ರಂದು, ಗಾಂಧಿಯವರನ್ನೂ ಅನಾರೋಗ್ಯದ ಕಾರಣಕ್ಕೇ ಬಿಟ್ಟರು. ಅವರ ನಡುವೆ ಈ ಮುದುಕಿ ಮಾತ್ರ ಬಂಧಿತರಾಗಿಯೇ ಸತ್ತರು. ಬೇಕಾದ ವೈದ್ಯಕೀಯ ನೆರವೆಲ್ಲ ದೊರೆತಿತ್ತೆಂದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಉತ್ತರ ಬಂತು. ಪತಿಯ ಬಳಿಯಲ್ಲಿರುವುದೇ ಆಕೆಯ ಇಚ್ಛೆಯಾಗಿತ್ತೆಂಬ ಅರ್ಥದ ಸಮಜಾಯಿಷಿಯೂ ಸರ್ಕಾರದ ಕಡೆಯಿಂದ ಹೊರಟಿತು. ಬಿಡುಗಡೆಯ ಪ್ರಸ್ತಾಪವನ್ನೇ ಯಾರೂ ಆಕೆಯ ಮುಂದಿಡಲಿಲ್ಲವೆಂದು ಗಾಂಧಿ ಪ್ರತಿಭಟಿಸಿ ಬರೆದರು. ಬಿಟ್ಟರೂ ಕಸ್ತೂರಬಾ ಪ್ರಾಯಶಃ ಹೋಗುತ್ತಿರಲಿಲ್ಲ. ಆದರೆ ಕೇಳದೆಯೇ ಒಬ್ಬರ ನಿರಾಕರಣೆಯನ್ನು ತಾನೇ ಊಹಿಸಿಕೊಳ್ಳುವುದು ಯಾವ ನ್ಯಾಯಪೀಠದ ಮುಂದೆಯೂ ನಿಲ್ಲದ ವಾದ.

ಕೊನೆಯ ದಿನಗಳಲ್ಲಿ ಮಕ್ಕಳು ಬಂದರು. ದಾರಿ ತಪ್ಪಿದ ಹಿರಿಯ ಮಗ ಹರಿಲಾಲರು ಕುಡಿದ ಸ್ಥಿತಿಯಲ್ಲಿ ಬಂದಾಗ ತಾಯಿ ಹಣೆ ಬಡಿದುಕೊಂಡು ಅತ್ತರು. ಕಿರಿಯ ಮಗ ದೇವದಾಸರು ಕಲ್ಕತ್ತೆಯಿಂದ ವಿಮಾನದಲ್ಲಿ ಪೆನಿಸಿಲಿನ್ ತರಿಸಿದ್ದರು. ಆಗ ಅದು ಹೊಸ ಔಷಧ, ಬಹುಪಾಲು ಸೈನ್ಯಕ್ಕೇ ಮೀಸಲು. ಕೆಲವು ಗಂಟೆಗಳಿಗೊಮ್ಮೆ ಸೂಜಿ ಚುಚ್ಚಬೇಕೆಂದು ತಿಳಿದಾಗ, ಸಾಯುತ್ತಿರುವ ತಾಯಿಯನ್ನು ಇನ್ನೇಕೆ ನೋಯಿಸುತ್ತೀಯೆ ಎಂದು ಗಾಂಧಿ ಮಗನನ್ನು ತಡೆದರು. ಇದಾದ ಕೆಲವೇ ವಾರಗಳಲ್ಲಿ ತಮಗೆ ಮಲೇರಿಯ ಬಂದಾಗ ಅವರು ಮೊದಲು ಬೇಡವೆಂದರೂ ಕ್ವಿನೈನ್ ಸೇವಿಸಿದರು, ಪತ್ನಿಗೊಂದು ತನಗೊಂದು ನ್ಯಾಯವೇ ಎಂದು ಟೀಕಿಸುವವರಿದ್ದಾರೆ. ಪ್ರಶ್ನೆಯನ್ನು ತಳ್ಳಿಹಾಕಲಾಗದು. ರೋಗ ಅಷ್ಟು ಮುಂದುವರಿದ ಮೇಲೆ ಆ ಔಷಧದಿಂದ ಜೀವ ಉಳಿಯುತ್ತಿತ್ತೆಂದು ಹೇಳಲೂ ಆಗದು. ಆದರೆ ಔಷಧ ತರಲು ತಾಯಿಯ ಕೊನೆಯ ದಿನದವರೆಗೆ ಮಗ ಕಾಯಬೇಕಾದದ್ದೇಕೆಂದು ಕೇಳಿದರೆ ಮತ್ತೆ ಆ ಮುಳ್ಳುಬೇಲಿಯ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

1944ರ ಫೆಬ್ರವರಿ 22, ಮಹಾಶಿವರಾತ್ರಿ. ಸಂಜೆ ಏಳೂವರೆ ಕಳೆದ ಮೇಲೆ, ಪತಿಯ ತೊಡೆಯ ಮೇಲೆ ತಲೆಯಿಟ್ಟು ಕಸ್ತೂರಬಾ ಪ್ರಾಣ ಬಿಟ್ಟರು. ಗಾಂಧಿ ಸರ್ಕಾರದ ಮುಂದೆ ಮೂರು ಆಯ್ಕೆಗಳನ್ನಿಟ್ಟರು. ದೇಹವನ್ನು ಮಕ್ಕಳಿಗೂ ಬಂಧುಗಳಿಗೂ ಒಪ್ಪಿಸಿ ಸಾರ್ವಜನಿಕ ಅಂತ್ಯಕ್ರಿಯೆಗೆ ಅವಕಾಶ ಕೊಡುವುದು ಮೊದಲನೆಯದು. ಆಗದಿದ್ದರೆ ಬಂಧುಮಿತ್ರರ ಸಮ್ಮುಖದಲ್ಲಿ ಅರಮನೆಯ ಆವರಣದಲ್ಲಿಯೇ ದಹನ. ಹೊರಗಿನವರನ್ನು ಬಿಡುವುದೇ ಇಲ್ಲವಾದರೆ ಸೆರೆಯಾಳುಗಳಷ್ಟೇ ಸೇರಿ ಮಾಡುವುದು. ಸರ್ಕಾರ ನಡುವಿನದನ್ನು ಆರಿಸಿತು. ಗಾಂಧಿಯವರೇ ನೂತ ನೂಲಿನ ಸೀರೆಯನ್ನು ದೇಹಕ್ಕೆ ಉಡಿಸಿದರು. ಬಡವನ ಹೆಂಡತಿಗೆ ಗಂಧದ ಚಿತೆಯೇಕೆ ಎಂದು ಗಾಂಧಿ ಅಂದರೆ, ಒಂದು ವರ್ಷದ ಹಿಂದೆ ಅವರಿಗಾಗಿಯೇ ತಂದಿಟ್ಟಿದ್ದ ಕೊರಡುಗಳಿವೆಯೆಂದು ಜೈಲಿನ ಅಧಿಕಾರಿ ತಿಳಿಸಿದರಂತೆ. ಮಹಾದೇವರನ್ನು ಸುಟ್ಟ ನೆಲದ ಪಕ್ಕದಲ್ಲಿ ಚಿತೆ ಸಿದ್ಧವಾಯಿತು. ದೇವದಾಸರು ಬೆಂಕಿ ಇಟ್ಟರು. ಹೋಗಿ ವಿಶ್ರಮಿಸಿರೆಂದು ಎಲ್ಲರೂ ಹೇಳಿದರೂ ಗಾಂಧಿ ಮರದ ನೆರಳಿನಿಂದ ಏಳಲಿಲ್ಲ. 62 ವರ್ಷ ಜೊತೆಗಿದ್ದವಳನ್ನು ಕೊನೆಯ ಗಳಿಗೆಯಲ್ಲಿ ಬಿಟ್ಟು ಹೋಗುವುದೆಂತು ಎಂದರು. ಬೂದಿಯಲ್ಲಿ ಆಕೆಯ ಗಾಜಿನ ಬಳೆಗಳು ಒಡೆಯದೆ ಸಿಕ್ಕವೆಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ.

ಆಕೆಯ ಹೆಸರಿನಲ್ಲಿ ದೇಶ ಒಂದು ಕೋಟಿ ರೂಪಾಯಿಗೂ ಮೀರಿದ ನಿಧಿ ಕೂಡಿಸಿತು. ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಸೇವೆಗಾಗಿ ಸ್ಮಾರಕ ಟ್ರಸ್ಟು ಹುಟ್ಟಿತು. ಕರ್ನಾಟಕದಲ್ಲಿ ಅದರ ಕೇಂದ್ರ ಅರಸೀಕೆರೆಯ ಬಳಿಯ ಕಸ್ತೂರಬಾಗ್ರಾಮ. ಕಾಸರಗೋಡಿನ ಕುಟುಂಬಗಳು ರೋಗಿಗಳನ್ನು ಮಣಿಪಾಲಕ್ಕೆ ಕರೆದೊಯ್ಯುವಾಗ ಕೆಎಂಸಿ ಎನ್ನುತ್ತಾರಲ್ಲ, ಅದರ ಮೊದಲ ಅಕ್ಷರವೂ ಕಸ್ತೂರಬಾರದೇ. ಹಿಂದುಳಿದ ತಾಲೂಕುಗಳ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ಆರಂಭವಾದ ವಸತಿಶಾಲೆಗಳಿಗೂ ಅದೇ ಹೆಸರು. ವೈದ್ಯರಿಗಾಗಿ ಕಾದು ಸತ್ತವರ ಹೆಸರು ವೈದ್ಯಕೀಯ ಕಾಲೇಜಿಗೂ, ಕೇಳಿದಾಗ ನೋಟ್‌ಬುಕ್ಕು ಸಿಗದವರ ಹೆಸರು ಶಾಲೆಗಳಿಗೂ ಬಂದದ್ದು ಹೆಸರಿಟ್ಟವರಿಗೆ ಹೊಳೆದಿತ್ತೋ ಇಲ್ಲವೋ.

ಅರಮನೆಯನ್ನು 1969ರಲ್ಲಿ ನಾಲ್ಕನೆಯ ಆಗಾಖಾನರು ರಾಷ್ಟ್ರಕ್ಕೆ ದಾನವಾಗಿ ಕೊಟ್ಟರು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ, ಛಾಯಾಚಿತ್ರಗಳಿವೆ, ಚರಕಗಳಿವೆ. ಬಹಳ ಜನ ಮುಂಭಾಗದ ಹುಲ್ಲುಹಾಸಿನಲ್ಲಿ ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಕಟ್ಟಡವನ್ನು ಬಳಸಿಕೊಂಡು ಸ್ವಲ್ಪ ನಡೆದರೆ ಮರಗಳ ನಡುವೆ ಮಹಾದೇವ ದೇಸಾಯಿ ಮತ್ತು ಕಸ್ತೂರಬಾ ಅವರ ಸಮಾಧಿಗಳು ಅಕ್ಕಪಕ್ಕದಲ್ಲಿವೆ. ಗಾಂಧಿಯವರ ಅಸ್ಥಿಯ ಒಂದು ಅಂಶವನ್ನೂ ಅಲ್ಲಿ ಇರಿಸಲಾಗಿದೆ. ಶಾಲೆಯ ಗುಂಪುಗಳೊಡನೆ ಬರುವ ಶಿಕ್ಷಕರು ಅಲ್ಲಿಯವರೆಗೆ ಮಕ್ಕಳನ್ನು ಕರೆದೊಯ್ದು, ಬರುವಾಗ ಹೊರಬಾಗಿಲ ಬಳಿ ಒಂದು ಕ್ಷಣ ನಿಲ್ಲಿಸಬಹುದು. ಶಿವಶರ್ಮರ ಗಾಡಿ ರಾತ್ರಿಯೆಲ್ಲ ನಿಂತಿದ್ದದ್ದು ಅರಮನೆಯ ಬಾಗಿಲ ಹೊರಗೆಯೇ. ಈಗ ಅಲ್ಲಿ ಆಟೋರಿಕ್ಷಾಗಳು ಸವಾರಿಗಾಗಿ ಕಾಯುತ್ತಿರುತ್ತವೆ.